ಹೋದ ಪುಟ್ಟ ಬಂದ ಪುಟ್ಟ ಆಗಬಾರದು: ಸರ್ಕಾರಿ ಸೇವೆ ಹೇಗಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪಾವಗಡದಲ್ಲಿ ಶನಿವಾರ ಬಂತೆಂದರೆ ಬಸ್ಸುಗಳು ತುಂಬಿ ಬರುತ್ತವೆ. ಶನಿಮಹಾತ್ಮನ ದರ್ಶನಕ್ಕೆ ಬಂದವರ ಜೊತೆಗೆ, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದವರೂ ಇಳಿಯುತ್ತಾರೆ. ಕವರಿನಲ್ಲಿ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ನಾಲ್ಕು ಮಡಿಕೆ ಮಡಿಚಿದ ಪಹಣಿ. ಅಂಥವರಿಗೆ ಅರ್ಜಿ ಬರೆದುಕೊಡುವ ಕೆಲಸವನ್ನು ನಾವು ಮೂರ್ನಾಲ್ಕು ಜನ ಮಾಡುತ್ತಿದ್ದೇವೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಟೀ ಕೊಡಿಸಿದರೆ ಬೇಡ ಅನ್ನುವುದಿಲ್ಲ.

ಬಂದವರು ಮೊದಲು ತಮ್ಮ ಕೆಲಸದ ಬಗ್ಗೆ ಕೇಳುತ್ತಾರೆ. ಅದು ಮುಗಿದ ಮೇಲೆ, ಎದ್ದು ಹೋಗುವಾಗ, "ಇದೆಲ್ಲ ಹೀಗೇ ಇರಬೇಕಾ ಸಾರ್?" ಅನ್ನುತ್ತಾರೆ. ಸೇವೆ ಹೇಗಿರಬೇಕು ಅನ್ನುವುದಕ್ಕೆ ಕೆಲವು ಮಾರ್ಗದರ್ಶಿ ತತ್ವಗಳಿರಬೇಕು ಅಂತ ನಾವು ಅವರಿಗೆ ಹೇಳುತ್ತಿರುತ್ತೇವೆ. ಆ ಎರಡನೇ ಬಗೆಯ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮಾರ್ಗದರ್ಶಿ ತತ್ವ ಅಂತೀರಲ್ಲ, ಅದು ನಮ್ಮಂಥವರಿಗೆ ಯಾಕೆ? ಸಾಹೇಬರು ನೋಡಿಕೊಳ್ಳೋದಲ್ವಾ?

ಸಾಹೇಬರು ವರ್ಗವಾಗಿ ಹೋಗುತ್ತಾರೆ. ನೀವು ಇಲ್ಲೇ ಇರುತ್ತೀರಿ. ಹಾಗಾಗಿ ಸೇವೆ ಹೇಗಿರಬೇಕು ಅನ್ನುವುದು ನಿಮಗೆ ಗೊತ್ತಿರಬೇಕು.

ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ದಾನವಲ್ಲ. ನಮ್ಮ ಸಂವಿಧಾನದ 41ನೇ ವಿಧಿ ಮುಪ್ಪು, ಕಾಯಿಲೆ, ಅಂಗವಿಕಲತೆ, ನಿರುದ್ಯೋಗ ಇವುಗಳಲ್ಲಿ ಸರ್ಕಾರ ತನ್ನ ಶಕ್ತಿ ಇರುವಷ್ಟು ನೆರವಾಗಬೇಕು ಅನ್ನುತ್ತದೆ. ಇದು ರಾಜ್ಯ ನೀತಿ ನಿರ್ದೇಶಕ ತತ್ವಗಳಲ್ಲಿ ಒಂದು. ಇವನ್ನು ಕೋರ್ಟಿನಲ್ಲಿ ಹಕ್ಕು ಅಂತ ವಾದಿಸಿ ಪಡೆಯಲು ಆಗುವುದಿಲ್ಲ. ಆದರೆ 37ನೇ ವಿಧಿ ಇವನ್ನು ಆಡಳಿತಕ್ಕೆ ಮೂಲಭೂತ ಅಂತಲೇ ಕರೆದಿದೆ.

ವಿಧಾನಸೌಧದ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಕೆತ್ತಿದ್ದಾರಲ್ಲ, ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೇ ಮುಂದೆ ದೇಶದ ಮೊದಲ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರೂ ಆದರು. 1966ರಲ್ಲಿ ಶುರುವಾದ ಆ ಆಯೋಗ ಮೊಟ್ಟಮೊದಲು ಕೊಟ್ಟ ವರದಿ ಜನರ ಕುಂದುಕೊರತೆಯ ಬಗ್ಗೆಯೇ. ಆಗ ಅಧ್ಯಕ್ಷರಾಗಿದ್ದವರು ಮೊರಾರ್ಜಿ ದೇಸಾಯಿ. ಲೋಕಪಾಲ, ಲೋಕಾಯುಕ್ತ ಬೇಕು ಅಂದಿದ್ದು ಆ ವರದಿ. ದೇವರ ಕೆಲಸ ಸರಿ, ಆದರೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಮಾತೂ ಇದೆ: ದೇವರು ಕೊಟ್ಟರೂ ಪೂಜಾರಿ ಕೊಡ. ಸುಧಾರಣೆ ಬೇಕಾಗಿರುವುದು ಪೂಜಾರಿ ನಿಂತಿರುವ ಜಾಗದಲ್ಲಿ.

ಹಾಗಾದರೆ ಮೊದಲನೇ ತತ್ವ ಯಾವುದು?

ಅಲೆದಾಟ ಎಣಿಸುವುದು.

ಒಂದು ಕೆಲಸಕ್ಕೆ ಒಬ್ಬ ಮನುಷ್ಯ ಎಷ್ಟು ಸಲ ಕಚೇರಿಗೆ ಬಂದ? ನನ್ನ ಮಟ್ಟಿಗೆ ಉಳಿದ ತತ್ವಗಳೆಲ್ಲ ಈ ಒಂದು ಲೆಕ್ಕದಿಂದ ಹುಟ್ಟುತ್ತವೆ. ಸರ್ಕಾರ ಎಣಿಸುವುದು ಬೇರೆ: ಎಷ್ಟು ಅರ್ಜಿ ಬಂತು, ಎಷ್ಟು ವಿಲೇವಾರಿ ಆಯ್ತು, ಎಷ್ಟು ಕೋಟಿ ಖರ್ಚಾಯ್ತು. ಇವೆಲ್ಲ ಕೌಂಟರಿನ ಆ ಕಡೆಯಿಂದ ಮಾಡುವ ಲೆಕ್ಕ. ಈ ಕಡೆಯಿಂದ ಎಣಿಸಿದವರು ಕಡಿಮೆ.

ನಾಗಲಮಡಿಕೆ ಹೋಬಳಿಯ ಮೂಲೆಯ ಒಂದು ಹಳ್ಳಿಯಿಂದ ಒಬ್ಬ ಅಜ್ಜಿ ಹೊರಡುತ್ತಾರೆ ಅಂದುಕೊಳ್ಳಿ. ಬೆಳಗಿನ ಬಸ್ಸು ಹಿಡಿದು ಪಾವಗಡಕ್ಕೆ ಬರಬೇಕು. ಒಬ್ಬರೇ ಬರಲು ಆಗುವುದಿಲ್ಲ, ಮಗಳನ್ನೋ ಮೊಮ್ಮಗನನ್ನೋ ಕರೆತರಬೇಕು. ಅಲ್ಲಿಗೆ ಆ ಮಗಳ ಒಂದು ದಿನದ ಕೂಲಿ ಹೋಯಿತು. ಮೇಲೆ ಬಸ್ ಚಾರ್ಜು, ಜೆರಾಕ್ಸು, ಊಟ. ಅವರು ಬಂದ ದಿನ ಕೇಸ್ ವರ್ಕರ್ ಟ್ರೇನಿಂಗಿಗೆ ಹೋಗಿದ್ದಾರೆ. ಇನ್ನೊಮ್ಮೆ ಬಂದಾಗ ಸರ್ವರ್ ಇಲ್ಲ. ಮತ್ತೊಮ್ಮೆ ಬಂದರೆ ಎರಡನೇ ಶನಿವಾರ, ರಜೆ.

ಉಪವಿಭಾಗಾಧಿಕಾರಿ ಕಚೇರಿಯ ಕೆಲಸವಾದರೆ ಮಧುಗಿರಿಗೆ ಹೋಗಬೇಕು. ಜಿಲ್ಲಾ ಮಟ್ಟದ್ದಾದರೆ ತುಮಕೂರು, ಅಂದರೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕು ನಮ್ಮದು. ತುಮಕೂರು ನಗರದವರಿಗೆ "ನಾಳೆ ಬಾ" ಅಂದರೆ ಸಿಟಿ ಬಸ್ಸಿನ ಟಿಕೆಟ್ಟು. ನಮ್ಮವರಿಗೆ ಅದೇ ಮಾತು ಪೂರ್ತಿ ಒಂದು ದಿನ.

ಹಿಂದೆ ದೆವ್ವದ ಭಯಕ್ಕೆ ಜನ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ದೆವ್ವ ಓದಿ ವಾಪಸ್ ಹೋಗಲಿ ಅಂತ. ಕೆಲವು ಕಚೇರಿಗಳು ನಮ್ಮನ್ನೇ ದೆವ್ವ ಅಂದುಕೊಂಡಿವೆಯೋ ಏನೋ.

ಸರ್ಕಾರವೇ ಕೊಟ್ಟ ಕಾಗದವನ್ನು ಮತ್ತೆ ಸರ್ಕಾರವೇ ಕೇಳುತ್ತದೆ. ಇದು ಸರಿಯಾ?

ಸರಿಯಲ್ಲ. ಜಾತಿ ಪ್ರಮಾಣಪತ್ರ ಕೊಟ್ಟಿದ್ದು ನಾಡಕಚೇರಿ. ರೇಷನ್ ಕಾರ್ಡು ಕೊಟ್ಟಿದ್ದು ಆಹಾರ ಇಲಾಖೆ. ಪಹಣಿ ಇರುವುದು ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ. ಎಲ್ಲವೂ ಸರ್ಕಾರದ ಕಂಪ್ಯೂಟರಿನಲ್ಲೇ ಕೂತಿವೆ. ಆದರೂ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಅವುಗಳ ಜೆರಾಕ್ಸ್ ಹೊತ್ತು ತಿರುಗುವ ಪೋಸ್ಟ್‌ಮ್ಯಾನ್ ಕೆಲಸ ನಮ್ಮದು.

ಇಲ್ಲಿಯ ತತ್ವ ಸರಳ: ಒಮ್ಮೆ ಕೊಟ್ಟ ಮಾಹಿತಿಯನ್ನು ಎರಡನೇ ಸಲ ಕೇಳಬಾರದು. ರಾಜ್ಯ ಸರ್ಕಾರ ರೇಷನ್ ಕಾರ್ಡಿನ ಆಧಾರದ ಮೇಲೆ "ಕುಟುಂಬ" ಅನ್ನುವ ದತ್ತಾಂಶ ಮಾಡಿದೆ. ರೈತರಿಗೆ ಫ್ರೂಟ್ಸ್ ಗುರುತಿನ ಸಂಖ್ಯೆ ಇದೆ. ಇವನ್ನು ಸರಿಯಾಗಿ ಬಳಸಿದರೆ 65 ತುಂಬಿದವರು ಯಾರು ಅಂತ ಕಚೇರಿಗೇ ಗೊತ್ತಾಗುತ್ತದೆ. ಅಜ್ಜಿ ಅರ್ಜಿ ಹಿಡಿದು ಬರುವ ಮೊದಲೇ ಗ್ರಾಮ ಆಡಳಿತ ಅಧಿಕಾರಿ ಅಜ್ಜಿಯ ಮನೆಗೆ ಹೋಗಬಹುದು. ಮನೆ ಬಾಗಿಲಿಗೆ ಪಿಂಚಣಿ ಅಂತ ಸರ್ಕಾರ ಒಮ್ಮೆ ಹೊರಟಿದ್ದು ಈ ದಾರಿಯಲ್ಲೇ. ಒಳ್ಳೆಯ ದಾರಿ. ಆದರೆ ಅದು ಯಾರೋ ಒಬ್ಬರ ಹುಮ್ಮಸ್ಸು ಇರುವವರೆಗೆ ನಡೆಯುವ ಕಾರ್ಯಕ್ರಮ ಆಗಬಾರದು, ದಿನದ ಕೆಲಸ ಆಗಬೇಕು.

ಹೆಸರು ಒಂದೊಂದು ಕಡೆ ಒಂದೊಂದು ಥರ ಇದೆ. ತಪ್ಪು ನಮ್ಮದಾ?

ಇದು ನಮ್ಮ ಮನೆಯಲ್ಲೇ ಆಗಿದೆ. ನಮ್ಮ ದೊಡ್ಡಮ್ಮ ರೇಷನ್ ಕಾರ್ಡಿನಲ್ಲಿ ತಿಮ್ಮಕ್ಕ, ಆಧಾರಿನಲ್ಲಿ ತಿಮ್ಮಮ್ಮ, ಬ್ಯಾಂಕಿನಲ್ಲಿ ಇನಿಷಿಯಲ್ ಸಮೇತ ಮೂರನೇ ಥರ. ಓದು ಬಾರದ ಹೆಂಗಸು. ಮೂರನ್ನೂ ಬರೆದವರು ಬೇರೆ ಯಾರೋ. ಒಂದು ತಿಂಗಳು ಪಿಂಚಣಿ ಬರಲಿಲ್ಲ, ಮುಂದಿನ ತಿಂಗಳೂ ಇಲ್ಲ. ಒಂದು ಕಚೇರಿಯಲ್ಲಿ "ನಿಮ್ಮ ಹೆಸರು ಸರಿ ಮಾಡಿಸಿಕೊಂಡು ಬನ್ನಿ" ಅಂದರು. ಎಪ್ಪತ್ತು ದಾಟಿದ ಮುದುಕಿ "ನನ್ನ ಹೆಸರು ಯಾವಾಗ ಕೆಟ್ಟಿತ್ತು?" ಅಂತ ನನ್ನ ಮುಖ ನೋಡಿದರು. ಕೊನೆಗೆ ಅಫಿಡವಿಟ್ಟು, ಛಾಪಾ ಕಾಗದ, ಎರಡು ಸಲ ಆಧಾರ್ ಸೆಂಟರು. ಐದು ತಿಂಗಳು ಹಿಡಿಯಿತು.

ತಪ್ಪು ಯಾರು ಬರೆದರೋ ಅವರೇ ತಿದ್ದಬೇಕು. ಸಂಶಯ ಬಂದರೆ ಮೊದಲು ವಿಚಾರಿಸಬೇಕು, ನೋಟಿಸ್ ಕೊಡಬೇಕು, ಆಮೇಲೆ ನಿಲ್ಲಿಸುವ ಮಾತು. ಈಗ ನಡೆಯುತ್ತಿರುವುದು ಉಲ್ಟಾ. ಮೊದಲು ನಿಲ್ಲುತ್ತದೆ, ಯಾಕೆ ಅಂತ ಹುಡುಕುವುದು ನಮ್ಮ ಪಾಲಿಗೆ. ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಹಣ ದೊಡ್ಡವರಿಗೆ ಸಣ್ಣದು. ಅದರಲ್ಲೇ ಬಿಪಿ ಮಾತ್ರೆ ತರುವವರಿಗೆ ಸಣ್ಣದಲ್ಲ.

ಎಲ್ಲ ಆನ್‌ಲೈನ್ ಆಗಿದೆ. ಇನ್ನೇನು ತೊಂದರೆ?

ಆನ್‌ಲೈನಿನಿಂದ ತುಂಬ ಒಳ್ಳೆಯದಾಗಿದೆ, ಸುಳ್ಳು ಹೇಳಬಾರದು. ಕೈಬರಹದ ಪಹಣಿಗೆ ಶಾನುಭೋಗರ ಮನೆ ಕಾದವರನ್ನು ಕೇಳಿ ನೋಡಿ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದ ಮೇಲೆ ಪಹಣಿ ಅನ್ನುವುದು ದುಡ್ಡು ಕೊಟ್ಟು ಕೌಂಟರಿನಲ್ಲಿ ತೆಗೆದುಕೊಳ್ಳುವ ವಸ್ತುವಾಯಿತು. ಹೋಬಳಿಗೊಂದು ನಾಡಕಚೇರಿಯಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರ ಬಂತು. ಆಮೇಲೆ ಸೇವಾ ಸಿಂಧು, ಗ್ರಾಮ ಒನ್.

ಆದರೆ ಕಾಗದದ ಕ್ಯೂ ಹೋಗಿ ಓಟಿಪಿಯ ಕ್ಯೂ ಬಂದಿದೆ. ಮೊಬೈಲ್ ನಂಬರ್ ಮಗನದು, ಮಗ ಬೆಂಗಳೂರಿನ ಪೀಣ್ಯದಲ್ಲಿ ಶಿಫ್ಟಿನಲ್ಲಿದ್ದಾನೆ, ಫೋನ್ ತೆಗೆಯುವುದಿಲ್ಲ. ಕಡಲೆಕಾಯಿ ಕಿತ್ತು ಸವೆದ ಬೆರಳಿಗೆ ಥಂಬ್ ಬರುವುದಿಲ್ಲ. ನೆಟ್‌ವರ್ಕ್ ಸಿಗಲು ದಿಬ್ಬ ಹತ್ತಬೇಕು. ಆಧಾರ್ ಕಾಯ್ದೆಯ 7ನೇ ಕಲಂ ಸ್ವತಃ, ಆಧಾರ್ ಸಂಖ್ಯೆ ಇನ್ನೂ ಸಿಗದವರಿಗೆ ಬೇರೆ ಗುರುತಿನ ದಾರಿ ಕೊಡಬೇಕು ಅನ್ನುತ್ತದೆ. ಬೆರಳು ಕೈಕೊಟ್ಟವರಿಗೂ ಅದೇ ನ್ಯಾಯ ಇರಬೇಕು.

ನನ್ನ ಲೆಕ್ಕದಲ್ಲಿ ಯಂತ್ರ ಕೆಟ್ಟರೆ ಶಿಕ್ಷೆ ಯಂತ್ರಕ್ಕೆ ಆಗಬೇಕು, ಮನುಷ್ಯನಿಗಲ್ಲ. ಸರ್ವರ್ ಇಲ್ಲದ ದಿನ ಒಂದು ಪುಸ್ತಕದಲ್ಲಿ ಹೆಸರು ಬರೆದುಕೊಂಡು, ಸರಿಹೋದ ಮೇಲೆ ಅವರೇ ಫೋನ್ ಮಾಡಿದರೆ ಒಂದು ಅಲೆದಾಟ ಉಳಿಯುತ್ತದೆ. ಇದಕ್ಕೆ ಹೊಸ ಆ್ಯಪ್ ಬೇಡ. ನೂರು ಪುಟದ ಒಂದು ನೋಟ್‌ಬುಕ್ ಸಾಕು.

ಸಕಾಲ ಕಾಯ್ದೆ ಇದೆಯಲ್ಲ, ಅದರಿಂದ ಆಗೋದಿಲ್ವಾ?

ಆಗುತ್ತದೆ, ಬಳಸಿದರೆ. ಇದಕ್ಕೆ 2011ರ ಕಾಯ್ದೆ ಇದೆ. 2012ರ ಏಪ್ರಿಲ್‌ನಿಂದ ಇಡೀ ರಾಜ್ಯದಲ್ಲಿ ಜಾರಿಯಾಯಿತು. ಶುರುವಿನಲ್ಲಿ 151 ಸೇವೆಗಳಿದ್ದವು, ಆಮೇಲೆ ಬಹಳ ಬೆಳೆಯಿತು. ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ.

20 ರೂಪಾಯಿಗೆ ಏನು ಬರುತ್ತದೆ ಅಂತ ನಗಬೇಡಿ. ತಡವಾದರೆ ತಪ್ಪು ಕಚೇರಿಯದು ಅಂತ ಕಾನೂನು ಬರೆದುಕೊಟ್ಟಿದೆ, ಅದೇ ದೊಡ್ಡದು. ಅದಕ್ಕೆ ಮುಂಚೆ ತಡ ಅನ್ನುವುದು ಯಾರ ತಪ್ಪೂ ಅಲ್ಲದ ಮಳೆಯ ಹಾಗೆ ಇತ್ತು.

ಒಂದು ಓರೆ ಇದೆ. ಗಡುವನ್ನು ಮಾತ್ರ ಅಳೆದರೆ, ಗಡುವಿನ ಹಿಂದಿನ ದಿನ "ದಾಖಲೆ ಸರಿಯಿಲ್ಲ" ಅಂತ ತಿರಸ್ಕರಿಸಿದರೂ ಅದು ಸಕಾಲದಲ್ಲಿ ವಿಲೇವಾರಿ ಆದಂತೆಯೇ. ಲೆಕ್ಕಕ್ಕೆ ನೂರಕ್ಕೆ ನೂರು, ಅಜ್ಜಿಗೆ ಸೊನ್ನೆ. ಹಾಗಾಗಿ ಎಷ್ಟು ಅರ್ಜಿ ತಿರಸ್ಕಾರವಾಯಿತು, ಅದೇ ಮನುಷ್ಯ ಮತ್ತೆ ಎಷ್ಟು ಸಲ ಅರ್ಜಿ ಹಾಕಿದ ಅನ್ನುವುದನ್ನೂ ಬೋರ್ಡಿಗೆ ಹಾಕಬೇಕು. ಇನ್ನೊಂದು: ಸ್ವೀಕೃತಿಯನ್ನೇ ಕೊಡದೆ "ಇಲ್ಲಿ ಇಟ್ಟು ಹೋಗಿ" ಅಂದರೆ ಗಡಿಯಾರ ಓಡಲು ಶುರುವಾಗುವುದೇ ಇಲ್ಲ. ಅರ್ಜಿ ಕೊಟ್ಟು ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ.

ಸ್ವೀಕೃತಿ, ಹಿಂಬರಹ ಕೇಳಿದರೆ ಅವರಿಗೆ ಕೋಪ ಬರೋದಿಲ್ವಾ?

ಬರುತ್ತದೆ ಕೆಲವರಿಗೆ. ಬರಲಿ. ಆಗುವುದಿಲ್ಲ ಅನ್ನುವುದಾದರೆ ಯಾಕೆ ಆಗುವುದಿಲ್ಲ ಅಂತ ಬರೆದು ಸಹಿ ಹಾಕಿ ಕೊಡಬೇಕು. ಅದೇ ಹಿಂಬರಹ. ಬಾಯಿಮಾತಿನಲ್ಲಿ ಹೇಳಿದ "ಆಗಲ್ಲ" ಮೇಲೆ ಯಾರೂ ಮೇಲ್ಮನವಿ ಹಾಕಲಾಗದು. ಧ್ವನಿ ಎತ್ತದೆ, "ಅಣ್ಣಾ, ಅದನ್ನೇ ಒಂದು ಸಾಲು ಬರೆದುಕೊಡಿ, ಮನೆಯಲ್ಲಿ ತೋರಿಸಬೇಕು" ಅನ್ನಿ. ಎಷ್ಟೋ ಸಲ ಬರೆಯಲು ಪೆನ್ನು ಎತ್ತಿದ ಕೂಡಲೇ ಆಗದ ಕೆಲಸ ಆಗುವಂಥದ್ದು ಅಂತ ನೆನಪಾಗುತ್ತದೆ.

ಎಲ್ಲದಕ್ಕೂ ನೌಕರರನ್ನೇ ಬೈಯ್ಯೋದು ನ್ಯಾಯವಾ?

ಅಲ್ಲ. ಒಬ್ಬ ಗ್ರಾಮ ಆಡಳಿತ ಅಧಿಕಾರಿಯ ಒಂದು ದಿನ ನೋಡಿ. ಬೆಳಗ್ಗೆ ಬೆಳೆ ಸಮೀಕ್ಷೆ, ಆಮೇಲೆ ಮಹಜರು, ನಡುವೆ ಮತದಾರರ ಪಟ್ಟಿ, ಸಂಜೆ ವಿಡಿಯೋ ಮೀಟಿಂಗು. ಒಂದಕ್ಕಿಂತ ಜಾಸ್ತಿ ವೃತ್ತದ ಚಾರ್ಜು. ಅಂಗನವಾಡಿ ಕಾರ್ಯಕರ್ತೆಗೆ ಮಕ್ಕಳಿಗೆ ಮೊಟ್ಟೆ ಬೇಯಿಸುವುದಕ್ಕಿಂತ ಫೋಟೋ ಅಪ್‌ಲೋಡ್ ಮಾಡುವುದೇ ಹೆಚ್ಚು ಹೊತ್ತು. ಹೊಸ ಯೋಜನೆ ಬಂದಾಗಲೆಲ್ಲ ಕೆಲಸ ಕೂಡುತ್ತದೆ, ಹಳೆಯದು ಯಾವುದೂ ಕಳೆಯುವುದಿಲ್ಲ.

ಖಾಲಿ ಹುದ್ದೆ ತುಂಬದೆ ಸೇವೆ ಸುಧಾರಿಸಿ ಅನ್ನುವುದು ಎತ್ತಿಲ್ಲದೆ ನೇಗಿಲು ಕಟ್ಟಿದ ಹಾಗೆ. ಯೋಜನೆ ಘೋಷಿಸುವ ದಿನವೇ "ಇದನ್ನು ಮಾಡುವವರು ಯಾರು, ಅವರ ಯಾವ ಕೆಲಸ ತೆಗೆಯುತ್ತೀರಿ" ಅಂತ ಕೇಳಬೇಕು. ನಮ್ಮ ಕೆಲಸ ಚೆನ್ನಾಗಿ ಮಾಡಿಕೊಟ್ಟವರಿಗೆ ಒಂದು ಒಳ್ಳೆಯ ಮಾತನ್ನೂ ಬರೆದು ಮೇಲಿನವರಿಗೆ ಕಳಿಸಬಹುದು. ನಾವು ವರ್ಷಕ್ಕೆ ನಾಲ್ಕೈದು ಅಂಥ ಕಾಗದ ಬರೆಯುತ್ತೇವೆ. ಸ್ವೀಕೃತಿ ಪಡೆದೇ.

ಸೌಲಭ್ಯ ಎಲ್ಲರಿಗೂ ಕೊಡಬೇಕಾ, ಬಡವರಿಗೆ ಮಾತ್ರವಾ?

ಟೀ ಅಂಗಡಿಯಲ್ಲಿ ಇದಕ್ಕೆ ಜಗಳ ಮುಗಿಯುವುದೇ ಇಲ್ಲ. ನನ್ನ ಅನುಭವ ಹೇಳುತ್ತೇನೆ.

ಪಟ್ಟಿ ಮಾಡುವಾಗ ಎರಡು ಥರ ತಪ್ಪಾಗುತ್ತದೆ. ಬರಬಾರದವರು ಪಟ್ಟಿಗೆ ಸೇರುವುದು ಒಂದು, ಬರಬೇಕಾದವರು ಬಿಟ್ಟುಹೋಗುವುದು ಇನ್ನೊಂದು. ಪೇಪರಿನಲ್ಲಿ ಸುದ್ದಿಯಾಗುವುದು ಮೊದಲನೆಯದು: ಕಾರಿರುವವನ ಬಿಪಿಎಲ್ ಕಾರ್ಡು. ಎರಡನೆಯದು ಸುದ್ದಿಯಾಗುವುದಿಲ್ಲ, ಯಾಕೆಂದರೆ ಬಿಟ್ಟುಹೋದವರಿಗೆ ತಾವು ಬಿಟ್ಟುಹೋಗಿದ್ದೇವೆ ಅಂತಲೇ ಎಷ್ಟೋ ಸಲ ಗೊತ್ತಿರುವುದಿಲ್ಲ. ನನ್ನನ್ನು ಕೇಳಿದರೆ ಎರಡನೇ ತಪ್ಪೇ ದೊಡ್ಡದು.

2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ನೋಡಿ. ಬಡವಳು ಅಂತ ರುಜುವಾತು ಮಾಡಬೇಕಿಲ್ಲ, ರಾಜ್ಯದ ಹೆಂಗಸು ಅಂತ ಗುರುತಿನ ಚೀಟಿ ತೋರಿಸಿದರೆ ಟಿಕೆಟ್ಟು. ಅದಕ್ಕೇ ಅರ್ಜಿ ಬರೆಸಲು ನಮ್ಮ ಹತ್ತಿರ ಯಾರೂ ಬರಲಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಗೆ ಮಾತ್ರ ಬಂದವರು ಬಹಳ, ಯಾಕೆಂದರೆ ಅಲ್ಲಿ ರೇಷನ್ ಕಾರ್ಡಿನ ಯಜಮಾನಿ ಯಾರು, ಯಾರಾದರೂ ತೆರಿಗೆ ಕಟ್ಟುತ್ತಾರಾ, ಬ್ಯಾಂಕಿಗೆ ಆಧಾರ್ ಜೋಡಣೆ ಆಗಿದೆಯಾ ಎಂಬ ಜರಡಿಗಳಿವೆ. ಜರಡಿ ಹೆಚ್ಚಾದಷ್ಟೂ ಅಲೆದಾಟ ಹೆಚ್ಚು.

ಹಾಗಂತ ಎಲ್ಲವನ್ನೂ ಎಲ್ಲರಿಗೂ ಕೊಡಲು ಖಜಾನೆ ಅಕ್ಷಯಪಾತ್ರೆ ಅಲ್ಲ. ನೀರು, ಶಾಲೆ, ಆಸ್ಪತ್ರೆ, ಬಸ್ಸು ಇಂಥವು ಎಲ್ಲರಿಗೂ ಇರಲಿ. ಕೈಗೆ ದುಡ್ಡು ಕೊಡುವ ಯೋಜನೆಗೆ ಜರಡಿ ಇರಲಿ, ಆದರೆ ಒಂದೇ ಜರಡಿ, ಅದೂ ಸರ್ಕಾರವೇ ಹಿಡಿಯಲಿ.

ಅಂದಹಾಗೆ, ಟಿಕೆಟ್ಟು ಉಚಿತವಾದರೂ ಸರ್ಕಾರಿ ಬಸ್ಸೇ ಬರದ ಊರಿನ ಹೆಂಗಸಿಗೆ ಶಕ್ತಿ ಯೋಜನೆ ಟಿವಿಯಲ್ಲಿ ನೋಡುವ ಸುದ್ದಿ ಅಷ್ಟೆ. ಖಾಸಗಿ ಬಸ್ಸೇ ಓಡುವ ರೂಟುಗಳು ನಮ್ಮ ಕಡೆ ಕಡಿಮೆ ಇಲ್ಲ.

ದಾಖಲೆಯೇ ಇಲ್ಲದವರ ಗತಿ ಏನು?

ಇದಕ್ಕೆ ನಮ್ಮ ತಾಲ್ಲೂಕಿನಲ್ಲೇ ದೊಡ್ಡ ಪಾಠ ಇದೆ. ತಿರುಮಣಿ ಸುತ್ತಮುತ್ತ ಸೋಲಾರ್ ಪಾರ್ಕ್ ಬಂತು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರಿನ ಜಮೀನು. ರೈತರಿಂದ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚಳ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ಒಳ್ಳೆಯದೇ ಆಯಿತು. ಜಮೀನು ಕೊಳ್ಳುವ ಬದಲು ಗುತ್ತಿಗೆ ಹಿಡಿದದ್ದು ಜಾಣತನ, ಬೇರೆಯವರೂ ಕಲಿಯಬೇಕಾದದ್ದು.

ಆದರೆ ದುಡ್ಡು ಹೋಗಿದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತ ಕೂಲಿಯವರ ಹೆಸರು ಪಹಣಿಯಲ್ಲಿ ಎಲ್ಲಿರುತ್ತದೆ? ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರ ಹೆಸರು? ಬೇಲಿ ಬಿದ್ದ ದಿನ ಅವರ ಕೂಲಿ, ಮೇವು ಎರಡೂ ಹೋಯಿತು. ಅದಕ್ಕೆ ದಾಖಲೆ ಇಲ್ಲ, ಹಾಗಾಗಿ ಪರಿಹಾರವೂ ಇಲ್ಲ. ಪ್ಯಾನೆಲ್ ಒರೆಸುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗಲ್ಲ.

ಯಾವುದೇ ಯೋಜನೆ ಬರೆಯುವ ಮುಂಚೆ "ಈ ಪಟ್ಟಿಯಲ್ಲಿ ಯಾರಿದ್ದಾರೆ" ಅಂತ ಕೇಳುವಷ್ಟೇ ಜೋರಾಗಿ "ಯಾರಿಲ್ಲ" ಅಂತ ಕೇಳಬೇಕು. ಗೇಣಿಗೆ ಉಳುವವರು, ಬೇರೆ ಊರಿನಿಂದ ಬಂದ ಇಟ್ಟಿಗೆ ಗೂಡಿನವರು, ಗಂಡ ಬಿಟ್ಟುಹೋದರೂ ಕಾಗದದಲ್ಲಿ ಮದುವೆಯಾಗಿಯೇ ಇರುವ ಹೆಂಗಸು, ಅಲೆಮಾರಿ ಕುಟುಂಬಗಳು. ಇವರನ್ನು ಹುಡುಕಲು ಕಂಪ್ಯೂಟರಿಗೆ ಬರುವುದಿಲ್ಲ. ಆಶಾ ಕಾರ್ಯಕರ್ತೆಗೆ, ನೀರುಗಂಟಿಗೆ ಬರುತ್ತದೆ. ಅವರನ್ನು ಕೇಳಬೇಕು.

ಕಟ್ಟಿದ್ದು ಯಾಕೆ ಉಳಿಯೋದಿಲ್ಲ?

ಉದ್ಘಾಟನೆಗೆ ದುಡ್ಡಿರುತ್ತದೆ, ರಿಪೇರಿಗೆ ಇರುವುದಿಲ್ಲ.

ನಮ್ಮ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಮೂಳೆ ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಅದಕ್ಕೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂತು. ಕಾಯಿನ್ ಹಾಕಿ ಕ್ಯಾನು ತುಂಬಿಸಿಕೊಳ್ಳುವುದು ಎಲ್ಲರಿಗೂ ರೂಢಿಯಾಯಿತು. ಫಿಲ್ಟರ್ ಪೊರೆ ಹೋಯಿತು ಅನ್ನಿ, ಅಲ್ಲಿಂದ ಶುರು: ಪಂಚಾಯಿತಿಯವರು ಏಜೆನ್ಸಿ ಕಡೆ ಕೈ ತೋರಿಸುತ್ತಾರೆ, ಏಜೆನ್ಸಿಯವರು ಬಿಲ್ ಆಗಿಲ್ಲ ಅನ್ನುತ್ತಾರೆ. ಅಲ್ಲಿಯವರೆಗೆ ಜನ ಹಳೆಯ ಬೋರಿನ ನೀರಿಗೇ ವಾಪಸ್. ಫ್ಲೋರೈಡಿಗೆ ರುಚಿ ಇಲ್ಲ, ವಾಸನೆ ಇಲ್ಲ. ಹಾಗಾಗಿ ಗಲಾಟೆಯೂ ಇಲ್ಲ.

ಘಟಕದ ಗೋಡೆ ಮೇಲೆ ಶಾಸಕರ ಹೆಸರು ಬರೆಸಿ, ಬೇಡ ಅನ್ನುವುದಿಲ್ಲ. ಅದರ ಕೆಳಗೆ ನಾಲ್ಕು ಸಾಲು ಜಾಗ ಬಿಡಿ: ಕೊನೆಯ ಸಲ ಫಿಲ್ಟರ್ ಬದಲಿಸಿದ ದಿನ, ನೀರು ಪರೀಕ್ಷೆಯ ಫಲ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಎಷ್ಟು ದಿನದಲ್ಲಿ ಸರಿಯಾಗಬೇಕು.

ಗ್ರಾಮಸಭೆಗೆ ಹೋಗಿ ಏನು ಪ್ರಯೋಜನ?

ಸುಮ್ನೆ ಹೋಗಿ ಕೂತರೆ ಏನೂ ಇಲ್ಲ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅಂತ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮನೆ ಹಂಚಿಕೆಗೆ ಫಲಾನುಭವಿಗಳನ್ನು ಆರಿಸುವುದು ಅಲ್ಲೇ. ಹೋಗುವ ಮುಂಚೆ ಹಿಂದಿನ ಸಭೆಯ ನಡಾವಳಿ ಕೇಳಿ ಓದಿ. "ಹೋದ ಸಲ ಹೀಗೆ ತೀರ್ಮಾನ ಆಗಿತ್ತು, ಏನಾಯ್ತು?" ಎಂಬ ಒಂದೇ ಪ್ರಶ್ನೆ ಸಾಕು, ವೇದಿಕೆ ಮೇಲೆ ಪುಟ ತಿರುವುವ ಸದ್ದು ಕೇಳುತ್ತದೆ. ವರ್ಷಕ್ಕೊಮ್ಮೆ ಜಮಾಬಂದಿಯೂ ಇದೆ, ಪಂಚಾಯಿತಿ ಲೆಕ್ಕ ಜನರ ಮುಂದೆ ಇಡುವುದು. ಅದಕ್ಕೆ ಹೋಗುವವರು ಇನ್ನೂ ಕಡಿಮೆ.

ಅರ್ಜಿ ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ. ಆರ್‌ಟಿಐ ಹಾಕಬಹುದಾ?

ಹಾಕಬಹುದು. ಮಾಹಿತಿ ಹಕ್ಕು ಕಾಯ್ದೆಯ ಈ ಅರ್ಜಿಗೆ 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ನನ್ನ ಕೆಲಸ ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ಇಂಥ ಸಂಖ್ಯೆಯ ನನ್ನ ಅರ್ಜಿ ಯಾವ ದಿನದಿಂದ ಯಾವ ದಿನದವರೆಗೆ ಯಾವ ಹುದ್ದೆಯವರ ಬಳಿ ಇತ್ತು, ಅವರು ಏನು ಷರಾ ಬರೆದರು, ಪ್ರತಿ ಕೊಡಿ" ಅಂತ ಕೇಳಿ. ಫೈಲಿಗೆ ಕಾಲು ಬರುತ್ತದೆ.

ನಾವು ಕೇಳುವ ಮುಂಚೆಯೇ ಕಚೇರಿ ತಾನಾಗಿ ಪ್ರಕಟಿಸಬೇಕಾದ ಸಂಗತಿಗಳ ಪಟ್ಟಿ ಆ ಕಾಯ್ದೆಯ 4ನೇ ಕಲಂನಲ್ಲೇ ಇದೆ. ಅದನ್ನು ಸರಿಯಾಗಿ ಮಾಡಿದರೆ ಆರ್‌ಟಿಐ ಅರ್ಜಿಗಳೇ ಅರ್ಧ ಕಡಿಮೆಯಾದಾವು.

ಲಂಚ ಕೇಳಿದರೆ?

ಕೊಡಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಟ್ಟರೆ ರಕ್ಷಣೆ ಇದೆ. ತುಮಕೂರಿನಲ್ಲಿ ಲೋಕಾಯುಕ್ತ ಕಚೇರಿ ಇದೆ. ಮೊದಲೇ ಹೋಗಿ ಹೇಳುವುದು ಇನ್ನೂ ಒಳ್ಳೆಯದು.

ಅರ್ಜಿಯಲ್ಲಿರುವ ಕನ್ನಡವೇ ಅರ್ಥ ಆಗಲ್ಲ. ನಮ್ಮದೇ ತಪ್ಪಾ?

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿಯವರ ಮನವಿಯನ್ನು ಅವಗಾಹನೆಗೆ ಸಲ್ಲಿಸಿದೆ." ಇದು ಕನ್ನಡವೇ, ನಮಗಲ್ಲ ಅಷ್ಟೆ. ರಾಜಭಾಷೆ ಕಾಯ್ದೆ 1963ರಲ್ಲೇ ಬಂತು. ಇಂಗ್ಲಿಷ್ ಹೋಗಿ ಕನ್ನಡ ಬಂದರೂ ಅರ್ಥ ಬರಲಿಲ್ಲ. ಪಾವಗಡದಲ್ಲಿ ಮನೆಯಲ್ಲಿ ತೆಲುಗು ಆಡುವವರು ಬಹಳ. ಅವರ ಪಾಡು ಇನ್ನೂ ಕಷ್ಟ. ಏಳನೇ ತರಗತಿಯ ಹುಡುಗಿ ಓದಿ ಅಜ್ಜಿಗೆ ಹೇಳುವ ಹಾಗಿರಬೇಕು ಅರ್ಜಿ.

ಹಿಂದುಳಿದ ತಾಲ್ಲೂಕಿಗೆ ಜಾಸ್ತಿ ಕೊಡೋದು ಅನ್ಯಾಯ ಅಲ್ವಾ?

ಬಾವಿ ಆಳವಿದ್ದ ಕಡೆ ಹಗ್ಗ ಉದ್ದ ಬೇಕು. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ, ಅದರಲ್ಲಿ 39 ಅತಿ ಹಿಂದುಳಿದಿವೆ ಅಂದಿತು. ಎಲ್ಲ ತಾಲ್ಲೂಕಿಗೂ ಒಂದೇ ಅಳತೆಯಲ್ಲಿ ಹಂಚಿದರೆ ಮುಂದಿದ್ದದ್ದು ಮುಂದೆಯೇ ಇರುತ್ತದೆ. ದುಡ್ಡಿಗಿಂತ ಮೊದಲು ಕೇಳಬೇಕಾದ್ದು ಜನ. ವೈ.ಎನ್. ಹೊಸಕೋಟೆಗೋ ನಿಡಗಲ್ಲಿಗೋ ವರ್ಗವಾದ ವೈದ್ಯರು, ಮೇಷ್ಟ್ರು ಬಂದು ನಿಲ್ಲುವಂತೆ ಮನೆ, ಭತ್ಯೆ, ಮುಂದೆ ಬೇಕಾದ ಕಡೆ ವರ್ಗ ಇಂಥದ್ದೇನಾದರೂ ಕೊಡಬೇಕು. ಶಿಕ್ಷೆಗೆ ಕಳಿಸುವ ಜಾಗ ಅಂತ ನೋಡಿದರೆ ಬಂದವರು ಶಿಕ್ಷೆ ಅನುಭವಿಸಿದಂತೆಯೇ ಇರುತ್ತಾರೆ.

ದೂರು ಕೊಡಲು ಒಂದೇ ನಂಬರ್ ಇದೆಯಾ?

ರಾಜ್ಯದ ಜನಸ್ಪಂದನ ಸಹಾಯವಾಣಿ 1902. ರೇಷನ್ ವಿಷಯಕ್ಕೆ 1967. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಂದೇ ಒಂದು ಎಚ್ಚರ: ದೂರು ಸುತ್ತಿ ಬಳಸಿ ಯಾರ ಮೇಲೆ ಕೊಟ್ಟಿರೋ ಅವರ ಮೇಜಿಗೇ ಉತ್ತರಕ್ಕೆ ಬರುವುದುಂಟು. ಯಾರ ಮೇಲೆ ದೂರೋ ಅವರು ಅದನ್ನು ಮುಚ್ಚುವಂತಿರಬಾರದು, ದೂರು ಕೊಟ್ಟವರು "ಸರಿಹೋಯ್ತು" ಅಂದ ಮೇಲೆ ಮುಚ್ಚಬೇಕು.

ಸುಧಾರಣೆ ಆಗಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತೆ?

ನಮ್ಮ ಮೇಜಿನ ಮೇಲೆ ಒಂದು ಪುಸ್ತಕ ಇದೆ. ಬಂದವರ ಹೆಸರು ಬರೆಯುವುದಿಲ್ಲ. ಯಾವ ಕೆಲಸ, ಇದು ಎಷ್ಟನೇ ಸಲ, ಕೂಲಿ ಬಿಟ್ಟು ಬಂದವರು ಎಷ್ಟು ಜನ, ಇಷ್ಟೇ. ಪಹಣಿಯ ಮುಂದೆ ಈಗ ಬಹುತೇಕ 1 ಅಂತಲೇ ಇರುತ್ತದೆ. ಪೌತಿ ಖಾತೆಯ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಕೆಲಸದ ಮುಂದಿನ ಅಂಕಿ ನೋಡಿದರೆ ನಿಮಗೇ ಬೇಜಾರಾಗುತ್ತದೆ. ಪ್ರತಿ ಕಚೇರಿಯ ಬಾಗಿಲಲ್ಲೂ ಇಂಥ ಪುಸ್ತಕ ಇಟ್ಟು, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿದರೆ ಸಾಕು ಅಂತ ಒಮ್ಮೆ ಒಬ್ಬ ಅಧಿಕಾರಿಗೆ ಹೇಳಿದ್ದೆ. ಅವರು ನಕ್ಕು, "ಅದಕ್ಕೂ ಒಂದು ಆ್ಯಪ್ ಮಾಡ್ತಾರೆ ಬಿಡಿ" ಅಂದರು.

ಶನಿವಾರ ಬರುವಾಗ ಏನೇನು ತರಬೇಕು?

ಇರುವ ಕಾಗದವೆಲ್ಲ ತನ್ನಿ. ಹಳೆಯ ಸ್ವೀಕೃತಿ ಹರಿದಿದ್ದರೂ ತನ್ನಿ, ನಂಬರ್ ಕಂಡರೆ ಸಾಕು. ಓಟಿಪಿ ಬರುವ ಫೋನ್ ಯಾರ ಹತ್ತಿರ ಇದೆಯೋ ಅವರಿಗೆ ಹಿಂದಿನ ದಿನವೇ ಹೇಳಿಡಿ. ಎರಡನೇ, ನಾಲ್ಕನೇ ಶನಿವಾರ ಕಚೇರಿಗೆ ರಜೆ, ನಮಗಿಲ್ಲ. ದರ್ಶನ ಮುಗಿಸಿಕೊಂಡು ಬಂದರೂ ನಡೆಯುತ್ತದೆ. ಏಳೂವರೆ ಶನಿ ಆ ಕಡೆ, ಕಚೇರಿ ಶನಿ ಈ ಕಡೆ.